ಏಳೂವರೆ ಶತಮಾನದ ಒಂದೇ ಜಗಳ: ಲೈಫ್ ಇನ್ ದ ಯುಕೆ ಪರೀಕ್ಷೆಗೆ ಓದುವ ಬಗೆ

ಪ್ರಶ್ನೆ: ಮ್ಯಾಂಚೆಸ್ಟರ್ ಹತ್ತಿರ ಇದ್ದೇವೆ. ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು, ಆಮೇಲೆ ಬಿ.ಕಾಂ. ಐಎಲ್‌ಆರ್ (ಇಲ್ಲಿ ಕಾಯಂ ಇರುವ ಅನುಮತಿ) ಅರ್ಜಿಗೂ ಮುಂದೆ ಪೌರತ್ವಕ್ಕೂ ಬೇಕಾದ ಲೈಫ್ ಇನ್ ದ ಯುಕೆ ಪರೀಕ್ಷೆಯನ್ನು ಒಮ್ಮೆ ಬರೆದು ಫೇಲಾದೆ. ಮೊಬೈಲ್ ಆ್ಯಪ್‌ನಲ್ಲಿ ಮಾದರಿ ಪರೀಕ್ಷೆಗಳನ್ನು ಮಾಡಿ ಮಾಡಿ ಹೋಗಿದ್ದೆ, ಅಲ್ಲಿ ಯಾವಾಗಲೂ ಪಾಸಾಗುತ್ತಿದ್ದೆ. ನಿಜವಾದ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವ ರೀತಿಯೇ ಬೇರೆ ಇತ್ತು. ರಾಜರ ಹೆಸರು, ಇಸವಿ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಮಕ್ಕಳು ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ ಸಿಗುತ್ತದೆ ಅಷ್ಟೆ. ಪುಸ್ತಕ ಪೂರ್ತಿ ಬಾಯಿಪಾಠ ಮಾಡಬೇಕಾ? ಕನ್ನಡದಲ್ಲಿ ನೋಟ್ಸ್ ಮಾಡಿಕೊಂಡರೆ ಉಪಯೋಗ ಇದೆಯಾ?

ಉತ್ತರ:

ಬಾಯಿಪಾಠ ಬೇಕಿಲ್ಲ, ಆದರೆ ಪುಸ್ತಕವನ್ನು ಒಮ್ಮೆಯಾದರೂ ಮೊದಲಿನಿಂದ ಕೊನೆಯವರೆಗೆ ಓದಲೇಬೇಕು. ಆ್ಯಪ್‌ನಲ್ಲಿ ಪಾಸಾಗಿ ಪರೀಕ್ಷೆಯಲ್ಲಿ ಸೋತವರು ನೀವೊಬ್ಬರೇ ಅಲ್ಲ. ನನ್ನ ಹತ್ತಿರ ಬರುವವರಲ್ಲಿ ಬಹುಪಾಲು ಜನರ ಕಥೆ ಇದೇ. ಒಂದೇ ಗುಂಪಿನ ಪ್ರಶ್ನೆಗಳನ್ನು ಮತ್ತೆ ಮತ್ತೆ ಉತ್ತರಿಸಿದರೆ ವಿಷಯ ಮನಸ್ಸಿಗೆ ಹೋಗುವುದಿಲ್ಲ, ಪ್ರಶ್ನೆಯ ಮುಖಚಹರೆ ಮಾತ್ರ ಗುರುತು ಸಿಗುತ್ತದೆ. ಇಂಗ್ಲೆಂಡಿನ ಹಳೆಯ ಹಕ್ಕುಪತ್ರದ ಬಗ್ಗೆ ‘ಮ್ಯಾಗ್ನಾ ಕಾರ್ಟಾ ಯಾವ ಇಸವಿ’ ಎಂದರೆ 1215 ಎಂದು ಬೆರಳು ತಾನಾಗಿ ಒತ್ತುತ್ತದೆ. ಅದೇ ಪರೀಕ್ಷೆಯಲ್ಲಿ ಎರಡು ಹೇಳಿಕೆ ಕೊಟ್ಟು, ‘ರಾಜನೂ ಕಾನೂನಿಗೆ ಒಳಪಟ್ಟವನು ಎಂದು ಮ್ಯಾಗ್ನಾ ಕಾರ್ಟಾ ಸಾರಿತು’ ಮತ್ತು ‘ಎಲ್ಲ ಗಂಡಸರಿಗೂ ಮತದ ಹಕ್ಕನ್ನು ಮ್ಯಾಗ್ನಾ ಕಾರ್ಟಾ ಕೊಟ್ಟಿತು’, ಇದರಲ್ಲಿ ಯಾವುದು ಸರಿ ಎಂದು ಕೇಳಿದರೆ ಇಸವಿ ಗೊತ್ತಿದ್ದೂ ಪ್ರಯೋಜನವಿಲ್ಲ.

ಪರೀಕ್ಷೆಯ ಚೌಕಟ್ಟು ನಿಮಗೆ ಗೊತ್ತೇ ಇದೆ, ಬೇರೆ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. 24 ಪ್ರಶ್ನೆ, 45 ನಿಮಿಷ, ಕಂಪ್ಯೂಟರಿನಲ್ಲಿ. ಪಾಸಾಗಲು ಶೇ 75, ಅಂದರೆ 18 ಸರಿಯಿರಬೇಕು. ಶುಲ್ಕ 50 ಪೌಂಡ್, ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಫೇಲಾದರೆ ಏಳು ದಿನ ಕಾದು ಮತ್ತೆ ಬರೆಯಬಹುದು, ಎಷ್ಟು ಸಲ ಬೇಕಾದರೂ. 18ರಿಂದ 64 ವಯಸ್ಸಿನವರಿಗೆ ಇದು ಕಡ್ಡಾಯ, 65 ತುಂಬಿದವರಿಗೆ ಇಲ್ಲ. ಪ್ರಶ್ನೆಗಳು ನಾಲ್ಕು ಬಗೆ: ನಾಲ್ಕರಲ್ಲಿ ಒಂದು ಆರಿಸುವುದು, ನಾಲ್ಕರಲ್ಲಿ ಎರಡು ಆರಿಸುವುದು, ಸರಿಯೋ ತಪ್ಪೋ ಹೇಳುವುದು, ಎರಡು ಹೇಳಿಕೆಗಳಲ್ಲಿ ಸರಿಯಾದದ್ದನ್ನು ಗುರುತಿಸುವುದು. ಎಲ್ಲ ಪ್ರಶ್ನೆಯೂ ಹುಟ್ಟುವುದು ಒಂದೇ ಪುಸ್ತಕದಿಂದ, ಗೃಹ ಇಲಾಖೆಯ ಅಧಿಕೃತ ಕೈಪಿಡಿಯಿಂದ. ಅದರ ಮೂರನೇ ಆವೃತ್ತಿ 2013ರಲ್ಲಿ ಬಂತು, ಆಮೇಲೆ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಮರುಮುದ್ರಣ ಆಗುತ್ತಿದೆ. ಗೆಳತಿ ಕೊಟ್ಟ ಹಳೆಯ ಪ್ರತಿಯಲ್ಲಿ ರಾಣಿ ಎರಡನೇ ಎಲಿಜಬೆತ್ ಇನ್ನೂ ಸಿಂಹಾಸನದಲ್ಲಿ ಕೂತಿದ್ದರೆ ಆ ಪ್ರತಿಯನ್ನು ಹಿಂದಿರುಗಿಸಿ ಹೊಸದು ಕೊಳ್ಳಿ.

ಇನ್ನು ಓದುವ ಕ್ರಮ. ಕೈಪಿಡಿಯಲ್ಲಿ ಐದು ಅಧ್ಯಾಯಗಳಿವೆ. ಮೌಲ್ಯಗಳು, ದೇಶದ ಪರಿಚಯ, ಇತಿಹಾಸ, ಇಂದಿನ ಸಮಾಜ, ಕೊನೆಗೆ ಸರ್ಕಾರ ಮತ್ತು ಕಾನೂನು. ಎಲ್ಲರೂ ಮೊದಲ ಪುಟದಿಂದ ಹಿಡಿದು ಶಿಲಾಯುಗ, ರೋಮನ್ನರು, ವೈಕಿಂಗರು ಎಂದು ಸಾಗಿ ಟ್ಯೂಡರ್ ದೊರೆಗಳ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿ ಪುಸ್ತಕ ಮುಚ್ಚುತ್ತಾರೆ. ನಾನು ಹೇಳುವುದು ತಿರುಗುಮುರುಗು. ಕೊನೆಯ ಅಧ್ಯಾಯದಿಂದ ಶುರುಮಾಡಿ. ಸಂಸತ್ತು, ಸ್ಪೀಕರ್, ಕೌನ್ಸಿಲ್ ಎಂಬ ಸ್ಥಳೀಯ ಆಡಳಿತ, ನ್ಯಾಯಾಲಯದಲ್ಲಿ ತೀರ್ಪು ಹೇಳುವ ಜನಸಾಮಾನ್ಯರ ಗುಂಪಾದ ಜ್ಯೂರಿ, ಸಂಬಳದಲ್ಲಿ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್, ಇವೆಲ್ಲ ನೀವು ಈಗಾಗಲೇ ಬದುಕುತ್ತಿರುವ ಊರಿನ ಸಂಗತಿಗಳು. ಮನೆಗೆ ಕೌನ್ಸಿಲ್ ಟ್ಯಾಕ್ಸ್ ಬಿಲ್ ಬಂದಿದೆ, ಸಂಬಳದಲ್ಲಿ ತೆರಿಗೆ ಹಿಡಿದಿದ್ದಾರೆ. ಇನ್ನೊಂದು ವಿಷಯ ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಕಾಮನ್‌ವೆಲ್ತ್ ಪ್ರಜೆಯಾಗಿ, ನೀವು ಇಲ್ಲಿನ ಚುನಾವಣೆಗಳಲ್ಲಿ ಮತ ಹಾಕಬಹುದು. ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಸೇರಿಸಿ. ಇದು ಪರೀಕ್ಷೆಯಲ್ಲೂ ಬರುವ ವಿಷಯ, ಒಮ್ಮೆ ಮತ ಹಾಕಿ ಬಂದವರು ಮರೆಯುವುದಿಲ್ಲ.

ಆ ಅಧ್ಯಾಯ ಮುಗಿದಾಗ ನಿಮ್ಮಲ್ಲಿ ಕೆಲವು ಪ್ರಶ್ನೆ ಏಳಬೇಕು. ಇಲ್ಲಿ ರಾಜ ಇದ್ದಾನೆ, ಆದರೆ ಆಳುವುದಿಲ್ಲ, ಯಾಕೆ? ಬರೆದಿಟ್ಟ ಒಂದೇ ಸಂವಿಧಾನ ಯಾಕಿಲ್ಲ? ಸ್ಕಾಟ್ಲೆಂಡಿಗೆ ಬೇರೆ ನ್ಯಾಯಾಲಯ ಯಾಕೆ, ಅಲ್ಲಿ ಜ್ಯೂರಿಗೆ ಹದಿನೈದು ಜನ, ಇಂಗ್ಲೆಂಡಿನಲ್ಲಿ ಹನ್ನೆರಡು ಯಾಕೆ? ಈ ಪ್ರಶ್ನೆಗಳನ್ನು ಕೈಲಿ ಹಿಡಿದುಕೊಂಡು ಇತಿಹಾಸದ ಅಧ್ಯಾಯಕ್ಕೆ ಬನ್ನಿ. ಆಗ ಆ ಉದ್ದದ ಅಧ್ಯಾಯದ ಬೆನ್ನುಮೂಳೆ ಒಂದೇ ಜಗಳ ಎಂದು ಕಾಣುತ್ತದೆ: ದುಡ್ಡು ವಸೂಲಿ ಮಾಡುವ, ಕಾನೂನು ಮಾಡುವ ಅಧಿಕಾರ ಯಾರದು? 1215ರಲ್ಲಿ ಶುರುವಾದ ಆ ಜಗಳ 1969ರಲ್ಲಿ ಒಂದು ಹಂತಕ್ಕೆ ಬರುತ್ತದೆ. ನಡುವಿನ ಇಸವಿಗಳು ಅದರ ಒಂದೊಂದು ಸುತ್ತು.

ಮೊದಲ ಸುತ್ತು 1215. ತೆರಿಗೆ ಹೇರಿ ಹೇರಿ ಕಾಡಿದ ರಾಜ ಜಾನ್‌ನನ್ನು ಸರದಾರರು ಮಣಿಸಿ, ನೀನೂ ಕಾನೂನಿಗಿಂತ ಮೇಲಲ್ಲ ಎಂದು ಮ್ಯಾಗ್ನಾ ಕಾರ್ಟಾಕ್ಕೆ ಒಪ್ಪಿಸುತ್ತಾರೆ. ಗಮನಿಸಿ, ಗೆದ್ದವರು ಸರದಾರರು, ಜನಸಾಮಾನ್ಯರಲ್ಲ. ಮೇಲೆ ಹೇಳಿದ ಆ ಎರಡನೇ ಹೇಳಿಕೆ ತಪ್ಪು ಎಂದು ಈಗ ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ನಾಲ್ಕು ಶತಮಾನ ದಾಟಿ ಮೊದಲನೇ ಚಾರ್ಲ್ಸ್. ದೇವರೇ ತನ್ನನ್ನು ನೇಮಿಸಿದ್ದಾನೆ ಎಂದು ನಂಬಿದವನು. ಹನ್ನೊಂದು ವರ್ಷ ಸಂಸತ್ತನ್ನು ಕರೆಯದೆ ಆಳಿದ. ಸ್ಕಾಟ್ಲೆಂಡಿನಲ್ಲಿ ದಂಗೆ ಎದ್ದು ಸೈನ್ಯಕ್ಕೆ ದುಡ್ಡು ಬೇಕಾದಾಗ 1640ರಲ್ಲಿ ಸಂಸತ್ತಿನ ಬಾಗಿಲಿಗೆ ಬರಬೇಕಾಯಿತು. ಅದು ಮಣಿಯಲಿಲ್ಲ. 1642ರಲ್ಲಿ ಹೌಸ್ ಆಫ್ ಕಾಮನ್ಸ್, ಅಂದರೆ ಕೆಳಮನೆಯ ಒಳಗೇ ನುಗ್ಗಿ ಐವರು ನಾಯಕರನ್ನು ಬಂಧಿಸಲು ನೋಡಿದ, ಅವರಿಗೆ ಮೊದಲೇ ಸುಳಿವು ಸಿಕ್ಕು ತಪ್ಪಿಸಿಕೊಂಡಿದ್ದರು. ಅಂದಿನಿಂದ ಇಂದಿನವರೆಗೆ ಯಾವ ದೊರೆಯೂ ಕಾಮನ್ಸ್ ಒಳಗೆ ಕಾಲಿಟ್ಟಿಲ್ಲ. ಸಂಸತ್ತಿನ ಉದ್ಘಾಟನೆಯ ದಿನ ರಾಜ ಭಾಷಣ ಓದುವುದು ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ. ಟಿವಿಯಲ್ಲಿ ಅದನ್ನು ನೋಡಿದರೆ 1642 ನಿಮ್ಮ ತಲೆಯಿಂದ ಹೋಗುವುದಿಲ್ಲ. ಅದೇ ವರ್ಷ ಅಂತರ್ಯುದ್ಧ ಶುರು, ರಾಜನ ಕಡೆಯವರು ಕ್ಯಾವಲಿಯರ್‌ಗಳು, ಸಂಸತ್ತಿನ ಕಡೆಯವರು ರೌಂಡ್‌ಹೆಡ್‌ಗಳು. 1649ರಲ್ಲಿ ಚಾರ್ಲ್ಸ್‌ನ ಶಿರಚ್ಛೇದ. ಸಂಸತ್ತಿನ ಕಡೆಯ ಸೇನಾನಿ ಆಲಿವರ್ ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್ ಆಗಿ ಆಳಿದ, ಅವನು 1658ರಲ್ಲಿ ಸತ್ತ ಮೇಲೆ ಮಗನ ಕೈಲಿ ಆಗಲಿಲ್ಲ, 1660ರಲ್ಲಿ ಎರಡನೇ ಚಾರ್ಲ್ಸ್‌ನನ್ನು ಮರಳಿ ಕರೆತಂದರು. ಈ ಚಾರ್ಲ್ಸ್‌ನ ಕಾಲದಲ್ಲೇ 1665ರ ಪ್ಲೇಗ್, 1666ರ ಲಂಡನ್ ಬೆಂಕಿ, ಅಕ್ರಮವಾಗಿ ಯಾರನ್ನೂ ಸೆರೆಯಲ್ಲಿಡಬಾರದೆಂಬ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ. ಮೂರನ್ನೂ ಒಟ್ಟಿಗೇ ಕಟ್ಟಿಡಿ.

1688ರಲ್ಲಿ ಜಗಳ ನಿರ್ಣಾಯಕ ಸುತ್ತಿಗೆ ಬರುತ್ತದೆ. ಕ್ಯಾಥೊಲಿಕ್ ರಾಜ ಎರಡನೇ ಜೇಮ್ಸ್ ಬೇಡವೆಂದು ಪ್ರಮುಖರು ಆರೆಂಜಿನ ವಿಲಿಯಂನನ್ನು ಹಾಲೆಂಡಿನಿಂದ ಕರೆಸುತ್ತಾರೆ. ಇಂಗ್ಲೆಂಡಿನಲ್ಲಿ ಯುದ್ಧವಿಲ್ಲದೆ ಮುಗಿದದ್ದರಿಂದ ಅದಕ್ಕೆ ಗ್ಲೋರಿಯಸ್ ರೆವಲ್ಯೂಷನ್ ಎಂದು ಹೆಸರು. ಆದರೆ ಐರ್ಲೆಂಡಿನಲ್ಲಿ ರಕ್ತ ಹರಿಯಿತು, 1690ರ ಬಾಯ್ನ್ ಕದನ ಅಲ್ಲಿಯದು. ನಡುವೆ 1689ರ ಬಿಲ್ ಆಫ್ ರೈಟ್ಸ್: ಇನ್ನು ಮೇಲೆ ಸಂಸತ್ತಿನ ಒಪ್ಪಿಗೆ ಇಲ್ಲದೆ ರಾಜ ತೆರಿಗೆ ಹಾಕುವಂತಿಲ್ಲ, ದೊರೆ ಪ್ರಾಟೆಸ್ಟಂಟ್ ಆಗಿರಲೇಬೇಕು. 1215ರಲ್ಲಿ ಕೇಳಿದ್ದು 1689ರಲ್ಲಿ ಗಟ್ಟಿಯಾಯಿತು.

ಮುಂದಿನದು ನನಗೆ ಇಷ್ಟವಾದ ಭಾಗ. 1714ರಲ್ಲಿ ಜರ್ಮನಿಯಿಂದ ಬಂದ ಒಂದನೇ ಜಾರ್ಜ್‌ಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಮಂತ್ರಿಗಳನ್ನೇ ನೆಚ್ಚಬೇಕಾಯಿತು. ಅವರಲ್ಲಿ ಮುಖ್ಯನಾದವನು ಪ್ರಧಾನಮಂತ್ರಿಯಾದ: ರಾಬರ್ಟ್ ವಾಲ್ಪೋಲ್, 1721ರಿಂದ 1742. ಇಂಗ್ಲಿಷ್ ಸರಿಯಾಗಿ ಬಾರದೆ ಹೊರಗಿನಿಂದ ಬಂದವನೊಬ್ಬ ಈ ದೇಶದ ಆಡಳಿತದ ರೂಪವನ್ನೇ ಬದಲಿಸಿದ ಎಂಬುದನ್ನು ಪರೀಕ್ಷೆಯ ಭಯದಲ್ಲಿರುವವರಿಗೆ ನಾನು ಬೇಕೆಂದೇ ಹೇಳುತ್ತೇನೆ.

ಈಗ ಜಗಳ ರಾಜ ಮತ್ತು ಸಂಸತ್ತಿನ ನಡುವಿನಿಂದ ಸಂಸತ್ತು ಮತ್ತು ಜನರ ನಡುವಿಗೆ ಸರಿಯುತ್ತದೆ. ಸಂಸತ್ತು ಗೆದ್ದಿತು ಸರಿ, ಆದರೆ ಸಂಸತ್ತಿಗೆ ಆರಿಸುವವರು ಯಾರು? ಆಸ್ತಿವಂತ ಗಂಡಸರು ಕೆಲವರು. 1832ರ ಸುಧಾರಣಾ ಕಾಯ್ದೆ ಬಾಗಿಲನ್ನು ಸ್ವಲ್ಪ ತೆರೆಯಿತು, ಒಬ್ಬ ಶ್ರೀಮಂತನ ಜೇಬಿನಲ್ಲಿದ್ದ ಕ್ಷೇತ್ರಗಳನ್ನು ತೆಗೆದು ಬೆಳೆಯುತ್ತಿದ್ದ ಪಟ್ಟಣಗಳಿಗೆ ಸ್ಥಾನ ಕೊಟ್ಟಿತು. ಅದು ಸಾಲದೆಂದು ಎದ್ದವರು ಚಾರ್ಟಿಸ್ಟರು. ಅವರ ಬೇಡಿಕೆಗಳು ಆರು: ಪ್ರತಿ ಗಂಡಸಿಗೂ ಮತ, ಗುಪ್ತ ಮತದಾನ, ಪ್ರತಿ ವರ್ಷ ಚುನಾವಣೆ, ಸಮಾನ ಕ್ಷೇತ್ರಗಳು, ಯಾವ ಗಂಡಸು ಬೇಕಾದರೂ ಸ್ಪರ್ಧಿಸುವ ಹಕ್ಕು, ಸಂಸದರಿಗೆ ಸಂಬಳ. ಆಗ ಅವರು ಸೋತರು. ಈಗ ನೋಡಿದರೆ ಪ್ರತಿ ವರ್ಷ ಚುನಾವಣೆ ಎಂಬುದೊಂದನ್ನು ಬಿಟ್ಟು ಉಳಿದ ಐದೂ ನಡೆದಿವೆ. 1867ರಲ್ಲಿ ಇನ್ನೊಂದು ಸುಧಾರಣಾ ಕಾಯ್ದೆ. 1918ರಲ್ಲಿ ಮೂವತ್ತು ದಾಟಿದ ಹೆಂಗಸರಿಗೆ ಮತ, 1928ರಲ್ಲಿ ಗಂಡಸರಂತೆ 21ಕ್ಕೆ, 1969ರಲ್ಲಿ ಎಲ್ಲರಿಗೂ 18ಕ್ಕೆ.

ಇಲ್ಲಿ ನೀವು ಮ್ಯಾಂಚೆಸ್ಟರಿನವರಾಗಿರುವುದು ದೊಡ್ಡ ಅನುಕೂಲ. ಹೆಂಗಸರ ಮತದ ಹೋರಾಟದ ಎಮೆಲೀನ್ ಪ್ಯಾಂಕ್‌ಹರ್ಸ್ಟ್ ಹುಟ್ಟಿದ್ದು ನಿಮ್ಮ ಊರಿನಲ್ಲೇ. ಸೇಂಟ್ ಪೀಟರ್ಸ್ ಸ್ಕ್ವೇರ್‌ನಲ್ಲಿ ಆಕೆಯ ಪ್ರತಿಮೆ ಇದೆ, 2018ರಲ್ಲಿ ನಿಲ್ಲಿಸಿದ್ದು. ಟ್ರಾಮ್ ಇಳಿದರೆ ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಪೀಪಲ್ಸ್ ಹಿಸ್ಟರಿ ಮ್ಯೂಸಿಯಂ, ಪ್ರಜಾಪ್ರಭುತ್ವಕ್ಕೆ ದುಡಿಯುವ ಜನ ಮಾಡಿದ ಹೋರಾಟವೇ ಅದರ ವಸ್ತು. ಒಂದು ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಹೋಗಿ. 1832ರಿಂದ 1928ರವರೆಗಿನ ಪುಟಗಳು ಆಮೇಲೆ ಓದಲು ಬೇರೆಯೇ ಆಗಿರುತ್ತವೆ.

ಮಕ್ಕಳ ಮಾತು ಬಂದದ್ದರಿಂದ ಇನ್ನೊಂದು. ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಶಿಲಾಯುಗ, ರೋಮನ್ನರು, ಆಂಗ್ಲೋ-ಸ್ಯಾಕ್ಸನ್ನರು, ವೈಕಿಂಗರನ್ನು ಕಲಿಸುತ್ತಾರೆ. ನಿಮ್ಮ ಮಕ್ಕಳು ಆ ವಯಸ್ಸಿನವರಾದರೆ ಕೈಪಿಡಿಯ ಆ ಪುಟಗಳನ್ನು ಅವರಿಂದಲೇ ಹೇಳಿಸಿಕೊಳ್ಳಿ. ಬೌಡಿಕಾ ರಾಣಿ ರೋಮನ್ನರ ಮೇಲೆ ಬಿದ್ದದ್ದು, ಹೇಡ್ರಿಯನ್ ಗೋಡೆ ಕಟ್ಟಿಸಿದ್ದು, ಕ್ರಿ.ಶ. 410ರಲ್ಲಿ ರೋಮನ್ ಸೈನ್ಯ ವಾಪಸ್ ಹೋದದ್ದು, ಇವನ್ನು ಮಕ್ಕಳು ಹೇಳುವ ಹುರುಪಿನಲ್ಲಿ ಯಾವ ಆ್ಯಪ್ ಹೇಳೀತು? ತಾಯಿಗೆ ಪಾಠ ಹೇಳುವುದು ಅವರಿಗೂ ಖುಷಿ.

ಬೆನ್ನುಮೂಳೆ ಗಟ್ಟಿಯಾದ ಮೇಲೆ ಉಳಿದದ್ದನ್ನು ಅದಕ್ಕೆ ಸೇರಿಸಿಕೊಳ್ಳಬಹುದು. 1066ರ ಹೇಸ್ಟಿಂಗ್ಸ್ ಕದನ ಆ ಜಗಳಕ್ಕೂ ಮುಂಚಿನದು, ನಾರ್ಮಂಡಿಯ ವಿಲಿಯಂ ಬಂದು ದೇಶ ಗೆದ್ದು ಯಾರ ಹತ್ತಿರ ಎಷ್ಟು ಭೂಮಿ, ಎಷ್ಟು ದನ ಎಂದು ಡೂಮ್ಸ್‌ಡೇ ಬುಕ್‌ನಲ್ಲಿ ಪಟ್ಟಿ ಮಾಡಿಸಿದ. 1485ರ ಬಾಸ್ವರ್ತ್ ಕದನಕ್ಕೆ, ಸಿಂಹಾಸನಕ್ಕಾಗಿ ಎರಡು ಮನೆತನಗಳು ನಡೆಸಿದ ರೋಸಸ್ ಯುದ್ಧಗಳು ಮುಗಿದು ಟ್ಯೂಡರ್ ವಂಶ ಬಂತು. ಎಂಟನೇ ಹೆನ್ರಿಯ ಆರು ಹೆಂಡಿರ ಹೆಸರನ್ನು ಕ್ರಮವಾಗಿ ತಿಳಿದಿರಿ, ತಮಾಷೆಗಲ್ಲ, ಪ್ರಶ್ನೆ ಬರುತ್ತದೆ. ದೇಶಗಳು ಒಂದಾದ ಕ್ರಮವನ್ನೂ ಒಂದೇ ಸಾಲಿನಲ್ಲಿಡಿ: 1603ರಲ್ಲಿ ಸ್ಕಾಟ್ಲೆಂಡಿನ ಆರನೇ ಜೇಮ್ಸ್ ಇಂಗ್ಲೆಂಡಿಗೂ ರಾಜನಾದ, 1707ರಲ್ಲಿ ಎರಡೂ ಸಂಸತ್ತು ಒಂದಾದವು, 1801ರಲ್ಲಿ ಐರ್ಲೆಂಡ್ ಸೇರಿತು, 1922ರಲ್ಲಿ ಅದರ ಬಹುಭಾಗ ಬಿಟ್ಟುಹೋಯಿತು. ಯೂನಿಯನ್ ಜಾಕ್‌ನಲ್ಲಿ ವೇಲ್ಸ್‌ನ ಡ್ರ್ಯಾಗನ್ ಯಾಕಿಲ್ಲ ಎಂಬುದಕ್ಕೂ ಉತ್ತರ ಈ ಸಾಲಿನಲ್ಲೇ ಇದೆ. 1606ರಲ್ಲಿ ಮೊದಲ ಧ್ವಜ ಮಾಡುವಾಗ ವೇಲ್ಸ್ ಆಗಲೇ ಇಂಗ್ಲೆಂಡಿನೊಳಗೆ ಸೇರಿಹೋಗಿತ್ತು.

ಜನ ನಿಜವಾಗಿ ಅಂಕ ಕಳೆದುಕೊಳ್ಳುವುದು ಒಂದೇ ಥರದ ಹೆಸರುಗಳಲ್ಲಿ. ರಾಬರ್ಟ್‌ಗಳನ್ನೇ ನೋಡಿ. 1314ರಲ್ಲಿ ಬ್ಯಾನಕ್‌ಬರ್ನ್‌ನಲ್ಲಿ ಇಂಗ್ಲಿಷರನ್ನು ಸೋಲಿಸಿದವನು ರಾಬರ್ಟ್ ಬ್ರೂಸ್, ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್, ಪ್ರಧಾನಿ ರಾಬರ್ಟ್ ವಾಲ್ಪೋಲ್, ರಾಡಾರ್‌ನವನು ರಾಬರ್ಟ್ ವಾಟ್ಸನ್-ವಾಟ್. ಗೊಂದಲ ಮಾಡುವ ಮೇರಿಗಳು ಇಬ್ಬರು: ಹೆನ್ರಿಯ ಮಗಳು, ಪ್ರಾಟೆಸ್ಟಂಟರನ್ನು ಹಿಂಸಿಸಿ ‘ಬ್ಲಡಿ ಮೇರಿ’ ಎನಿಸಿಕೊಂಡವಳು ಒಬ್ಬಳು, ಮೊದಲನೇ ಎಲಿಜಬೆತ್ ಕೈಯಲ್ಲಿ ಸೆರೆಯಾಗಿ ತಲೆ ಕಳೆದುಕೊಂಡ ಸ್ಕಾಟ್ಲೆಂಡಿನ ರಾಣಿ ಇನ್ನೊಬ್ಬಳು. ಎಲ್ಲಕ್ಕಿಂತ ಕೆಟ್ಟ ಗೊಂದಲ ಬೆವರಿಜ್ ಮತ್ತು ಬೆವನ್. 1942ರಲ್ಲಿ ಸಾಮಾಜಿಕ ಭದ್ರತೆಯ ವರದಿ ಬರೆದವರು ವಿಲಿಯಂ ಬೆವರಿಜ್. 1948ರಲ್ಲಿ ಎನ್ಎಚ್ಎಸ್ ಎಂಬ ಸರ್ಕಾರಿ ಆರೋಗ್ಯ ಸೇವೆ ಆರಂಭಿಸಿದ ಆರೋಗ್ಯ ಸಚಿವರು ಅನಾಯ್ರಿನ್ ಬೆವನ್. ಅವರ ಪ್ರಧಾನಿ ಆಗ ಕ್ಲೆಮೆಂಟ್ ಆಟ್ಲಿ, ಚರ್ಚಿಲ್ ಅಲ್ಲ. ಇಂಥ ಜೋಡಿಗಳಿಗೆಂದೇ ಒಂದು ಹಾಳೆ ಇಡಿ, ಓದುತ್ತ ಸಿಕ್ಕಿದ್ದನ್ನು ಅದಕ್ಕೆ ಸೇರಿಸುತ್ತ ಹೋಗಿ. ಕೊನೆಯ ದಿನ ಓದಲು ಆ ಒಂದು ಹಾಳೆಗಿಂತ ಬೆಲೆಬಾಳುವುದು ಯಾವುದೂ ಇರುವುದಿಲ್ಲ. ವ್ಯಕ್ತಿಗಳು ಹುಟ್ಟಿದ, ಸತ್ತ ಇಸವಿಗಳನ್ನು ಮಾತ್ರ ಕಟ್ಟಕಡೆಗೆ ಇಡಿ, ಸಮಯ ಉಳಿದರೆ ನೋಡಿ.

ಸಂಸ್ಕೃತಿಯ ಅಧ್ಯಾಯಕ್ಕೆ ಇಂಥ ಬೆನ್ನುಮೂಳೆ ಇಲ್ಲ. ಚಿತ್ರಕಾರರು, ಕ್ರೀಡಾಪಟುಗಳು, ಹಬ್ಬಗಳು, ಹೂವುಗಳು, ತಿನಿಸುಗಳು ಎಲ್ಲ ಸಂತೆಯಂತೆ ಬಿದ್ದಿವೆ. ಇದನ್ನು ಒಂದೇ ರಾತ್ರಿ ಓದಬೇಡಿ, ದಿನಕ್ಕೆ ಎರಡು ಪುಟ ಸಾಕು. ನಾಲ್ಕು ದೇಶಗಳ ಸಂಗತಿಗಳನ್ನು ನಾಲ್ಕು ಕಂಬಸಾಲು ಮಾಡಿ ಬರೆಯಿರಿ: ಪೋಷಕ ಸಂತ, ಅವರ ಹಬ್ಬದ ದಿನ, ಹೂವು. ವೇಲ್ಸ್‌ಗೆ ಸೇಂಟ್ ಡೇವಿಡ್, ಮಾರ್ಚ್ 1, ಡ್ಯಾಫೊಡಿಲ್. ಉತ್ತರ ಐರ್ಲೆಂಡಿಗೆ ಸೇಂಟ್ ಪ್ಯಾಟ್ರಿಕ್, ಮಾರ್ಚ್ 17, ಶ್ಯಾಮ್ರಾಕ್. ಇಂಗ್ಲೆಂಡಿಗೆ ಸೇಂಟ್ ಜಾರ್ಜ್, ಏಪ್ರಿಲ್ 23, ಗುಲಾಬಿ. ಸ್ಕಾಟ್ಲೆಂಡಿಗೆ ಸೇಂಟ್ ಆಂಡ್ರ್ಯೂ, ನವೆಂಬರ್ 30, ಥಿಸಲ್. ವಿಜ್ಞಾನಿಗಳು ಅಷ್ಟು ಕಷ್ಟವಿಲ್ಲ, ಫ್ಲೆಮಿಂಗ್ ಮತ್ತು ಪೆನಿಸಿಲಿನ್ 1928ರದೆಂದು ಶಾಲೆಯಲ್ಲೇ ಓದಿದ್ದೀರಿ. ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ, 1996ರ ಡಾಲಿ ಎಂಬ ತದ್ರೂಪಿ (ಕ್ಲೋನ್) ಕುರಿ ಹೊಸದಾಗಿ ಸೇರುತ್ತವೆ. ಕ್ರಿಕೆಟ್ಟಿನ ಆ್ಯಷಸ್ ನಮ್ಮವರಿಗೆ ಬಿಟ್ಟಿ ಅಂಕ.

ಇಂಡಿಯಾದ ಹೆಸರು ಹುಡುಕುತ್ತ ಹೋದರೆ ಕೈಪಿಡಿಯಲ್ಲಿ ಸಿಗುವುದು ಕಡಿಮೆ. ಶೇಖ್ ದೀನ್ ಮಹಮದ್ ಎಂಬಾತ 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟಿನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ, ಬ್ರಿಟನ್ನಿನ ಮೊದಲ ಕರಿ ಹೋಟೆಲ್ ಅದು. ತಲೆಗೆ ಚಂಪಿ ಮಾಡುವುದನ್ನು ಈ ದೇಶಕ್ಕೆ ಪರಿಚಯಿಸಿದವನೂ ಅವನೇ. ಅವನಿಗೆ ಸಿಕ್ಕ ಜಾಗ ನೋಡಿ, ಸಾಮ್ರಾಜ್ಯದ ಬಗ್ಗೆ ಇರುವ ಮಾತುಗಳ ತೂಕ ನೋಡಿ, ನಿಮಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ. 2020ರಲ್ಲಿ ಬ್ರಿಟನ್ನಿನ ಇತಿಹಾಸಕಾರರೇ ಬಹಿರಂಗ ಪತ್ರ ಬರೆದು, ಗುಲಾಮಗಿರಿ ಮತ್ತು ಸಾಮ್ರಾಜ್ಯದ ಬಗ್ಗೆ ಈ ಪುಸ್ತಕ ಹೇಳುವುದು ದಾರಿ ತಪ್ಪಿಸುವಂತಿದೆ, ತಿದ್ದಬೇಕು ಎಂದು ಕೇಳಿದ್ದರು. ಅವರ ಪರವೇ ನಾನೂ. ಆದರೆ ಆ ವಾದವನ್ನು ಊಟದ ಮೇಜಿನಲ್ಲಿ ಮಾಡೋಣ, ಕಂಪ್ಯೂಟರಿನ ಮುಂದೆ ಕೂತಾಗ ಕೈಪಿಡಿ ಹೇಳಿದ್ದೇ ಉತ್ತರ. ಸುದ್ದಿಗೂ ಇದೇ ನಿಯಮ. ವೇಲ್ಸ್‌ನ ಶಾಸನಸಭೆಯಾದ ಸೆನೆಡ್‌ನಲ್ಲಿ 60 ಸದಸ್ಯರಿದ್ದರು, 2026ರ ಚುನಾವಣೆಯಿಂದ 96 ಎಂದು ಕಾನೂನಾಗಿದೆ. ಇಂಥ ಕಡೆ ಟಿವಿಯಲ್ಲಿ ಕೇಳಿದ್ದನ್ನು ಬಿಟ್ಟು ನಿಮ್ಮ ಕೈಯಲ್ಲಿರುವ ಹೊಸ ಮುದ್ರಣದಲ್ಲಿ ಏನಿದೆಯೋ ಅದನ್ನೇ ಗುರುತಿಸಿ.

ಕನ್ನಡ ನೋಟ್ಸ್ ಬಗ್ಗೆ ಕೇಳಿದ್ದೀರಿ. ಕಥೆಯನ್ನು ಕನ್ನಡದಲ್ಲಿ ಯೋಚಿಸಿ, ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಚಾರ್ಲ್ಸ್‌ಗೂ ಸಂಸತ್ತಿಗೂ ಯಾಕೆ ಹಳಸಿತು ಎಂಬುದನ್ನು ಗಂಡನಿಗೆ ಕನ್ನಡದಲ್ಲಿ ಹೇಳಿನೋಡಿ, ಎಲ್ಲಿ ತಡವರಿಸುತ್ತೀರೋ ಅಲ್ಲಿ ಮತ್ತೆ ಓದಬೇಕು ಎಂದರ್ಥ. ಆದರೆ ‘ಹಕ್ಕುಗಳ ಮಸೂದೆ’, ‘ಮೇಲ್ಮನೆ’ ಎಂದು ಅನುವಾದಿಸಿ ಬರೆದಿಟ್ಟುಕೊಂಡರೆ ಪರೀಕ್ಷೆಯಲ್ಲಿ ಒಂದೊಂದನ್ನೂ ವಾಪಸ್ ತಿರುಗಿಸಬೇಕಾಗುತ್ತದೆ, ಆ ಶ್ರಮ ಯಾಕೆ? ಪುಸ್ತಕದ ವಾಕ್ಯಗಳನ್ನು ಗಟ್ಟಿಯಾಗಿ ಇಂಗ್ಲಿಷಿನಲ್ಲೇ ಓದಿ. ಐಎಲ್‌ಆರ್‌ಗೆ ಕೇಳುವ ಇಂಗ್ಲಿಷ್ ಭಾಷೆಯ ಪರೀಕ್ಷೆ ಬೇರೆ, ಅದಕ್ಕೂ ಈ ಅಭ್ಯಾಸ ಕೂಡಿಬರುತ್ತದೆ.

ದಿನಕ್ಕೆ ಒಂದು ಗಂಟೆ ಎಂದರೆ ಐದಾರು ವಾರ ಇಟ್ಟುಕೊಳ್ಳಿ. ಮೊದಲ ವಾರ ಸರ್ಕಾರ, ಮುಂದಿನ ಎರಡು ವಾರ ಇತಿಹಾಸ, ಅದರ ಜೊತೆಜೊತೆಗೇ ಸಂಸ್ಕೃತಿಯ ಎರಡೆರಡು ಪುಟ, ಚಿಕ್ಕ ಅಧ್ಯಾಯಗಳು ಒಂದು ಸಂಜೆಯ ಕೆಲಸ. ಮಾದರಿ ಪರೀಕ್ಷೆಗಳನ್ನು ಕೊನೆಯ ಎರಡು ವಾರಕ್ಕೆ ಬಿಡಿ, ಅಧಿಕೃತ ಪ್ರಕಾಶಕರದ್ದನ್ನೇ ಬಳಸಿ, ಯಾರೋ ಮಾಡಿದ ಪುಕ್ಕಟೆ ಆ್ಯಪ್‌ಗಳಲ್ಲಿ ತಪ್ಪು ಉತ್ತರಗಳೂ ಹಳೆಯ ಉತ್ತರಗಳೂ ಇರುತ್ತವೆ. ಎಷ್ಟು ಅಂಕ ಬಂತು ಎಂದು ನೋಡಿ ಮುಂದೆ ಹೋಗಬೇಡಿ. ತಪ್ಪಾದ ಪ್ರತಿ ಪ್ರಶ್ನೆಗೂ ಕೈಪಿಡಿಯ ಆ ಪುಟ ತೆರೆದು ಸುತ್ತಲಿನ ಪ್ಯಾರಾ ಪೂರ್ತಿ ಓದಿ. ಸರಿಯಾದದ್ದರಲ್ಲೂ ಊಹೆ ಮಾಡಿದ್ದರೆ ತಪ್ಪೆಂದೇ ಲೆಕ್ಕ ಹಿಡಿಯಿರಿ. ಸತತವಾಗಿ 21, 22 ಬರುತ್ತಿದ್ದರೆ ದಿನಾಂಕ ಗೊತ್ತುಮಾಡಿ.

ಬುಕಿಂಗ್ ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಮಾತ್ರ, ಕನಿಷ್ಠ ಮೂರು ದಿನ ಮುಂಚೆ. ನಡುವೆ ಬಂದು ಹೆಚ್ಚಿಗೆ ದುಡ್ಡು ಕೇಳುವ ತಾಣಗಳಿವೆ, ‘ಪಾಸ್ ಮಾಡಿಸಿಕೊಡುತ್ತೇವೆ’ ಎನ್ನುವವರೂ ಸಿಗುತ್ತಾರೆ. ಬೇರೆಯವರಿಂದ ಬರೆಸುವುದು ಅಪರಾಧ, ಸಿಕ್ಕಿಬಿದ್ದರೆ ಪರೀಕ್ಷೆ ಮಾತ್ರವಲ್ಲ, ಇಷ್ಟು ವರ್ಷ ಕಟ್ಟಿಕೊಂಡ ವಾಸವೇ ಅಪಾಯಕ್ಕೆ ಬೀಳುತ್ತದೆ.

ಕರ್ನಾಟಕದವರಿಗೆ ಮಾತ್ರ ಹೇಳಬೇಕಾದ ಒಂದು ಎಚ್ಚರಿಕೆ ಇದೆ, ಇನಿಷಿಯಲ್ಲಿನದು. ಬುಕ್ ಮಾಡುವಾಗ ಕೊಟ್ಟ ಹೆಸರು ಗುರುತಿನ ದಾಖಲೆಯಲ್ಲಿ ಇರುವುದಕ್ಕೆ ಅಕ್ಷರಶಃ ಹೊಂದಬೇಕು. ನಮ್ಮ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ, ಇಲ್ಲವೇ ಅಪ್ಪನ ಹೆಸರು ಅಲ್ಲಿ, ಊರಿನ ಹೆಸರು ಇಲ್ಲಿ, ಮದುವೆಯ ಮೇಲೆ ಗಂಡನ ಹೆಸರು ಬ್ಯಾಂಕಿನಲ್ಲಿ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ. ಯಾವ ದಾಖಲೆಯನ್ನು ತೋರಿಸುತ್ತೀರೋ ಅದನ್ನೇ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ, ಆ ದಿನ ಅದೇ ದಾಖಲೆ ಒಯ್ಯಿರಿ. ಹೊಂದದಿದ್ದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, 50 ಪೌಂಡ್ ಹೋದಂತೆಯೇ. ಮಕ್ಕಳನ್ನು ಕೇಂದ್ರಕ್ಕೆ ಕರೆದೊಯ್ಯುವಂತಿಲ್ಲ, ಆ ಹೊತ್ತಿಗೆ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಗೊತ್ತುಮಾಡಿ.

ಒಳಗೆ ಕೂತ ಮೇಲೆ ಅವಸರ ಬೇಡ. ಒಂದು ಪ್ರಶ್ನೆಗೆ ಹೆಚ್ಚುಕಡಿಮೆ ಎರಡು ನಿಮಿಷ ಇದೆ, ಓದಿದವರು ಅರ್ಧ ಹೊತ್ತಿನಲ್ಲಿ ಮುಗಿಸಿರುತ್ತಾರೆ. ಉಳಿದ ಸಮಯದಲ್ಲಿ ಎರಡು ಉತ್ತರ ಕೇಳಿದ ಪ್ರಶ್ನೆಗಳಿಗೆ ಎರಡನ್ನೂ ಗುರುತು ಹಾಕಿದ್ದೀರಾ ನೋಡಿ, ‘ಅಲ್ಲ’ ಎಂಬ ಪದ ಅಡಗಿ ಕೂತ ವಾಕ್ಯಗಳನ್ನು ಮತ್ತೆ ಓದಿ. ಆರು ತಪ್ಪಿಗೆ ಅವಕಾಶವಿದೆ. ಗೊತ್ತಿಲ್ಲದ ಚಿತ್ರಕಾರನೊಬ್ಬ ಎದುರಾದರೆ ಒಂದಕ್ಕೆ ಗುರುತು ಹಾಕಿ ಮುಂದೆ ಹೋಗಿ.

ಪಾಸಾದರೆ ನಿಮಗೆ ಒಂದು ವಿಶಿಷ್ಟ ಸಂಖ್ಯೆ ಕೊಡುತ್ತಾರೆ. ಈಗ ಐಎಲ್‌ಆರ್ ಅರ್ಜಿಯಲ್ಲಿ ಅದನ್ನು ತುಂಬುತ್ತೀರಿ, ಮುಂದೆ ಪೌರತ್ವದ ಅರ್ಜಿಗೂ ಅದೇ ಸಂಖ್ಯೆ ಬೇಕು. ಪರೀಕ್ಷೆಗೆ ಅವಧಿ ಮುಗಿಯುವುದೆಂಬುದಿಲ್ಲ, ಎರಡನೇ ಸಲ ಬರೆಯಬೇಕಿಲ್ಲ. ಹಾಗಾಗಿ ಆ ಸಂಖ್ಯೆಯನ್ನು ಫೋನಿನಲ್ಲಿ ಮಾತ್ರ ಬಿಡದೆ ಪಾಸ್‌ಪೋರ್ಟ್, ಮದುವೆ ಸರ್ಟಿಫಿಕೇಟ್ ಇಡುವ ಫೈಲಿನಲ್ಲೂ ಬರೆದಿಡಿ. ಪೌರತ್ವಕ್ಕೆ ಹೋಗುವ ಮುಂಚೆ ಗಂಡ ಹೆಂಡತಿ ಕೂತು ಇನ್ನೊಂದು ಮಾತಾಡಿಕೊಳ್ಳಬೇಕಾಗುತ್ತದೆ: ಭಾರತ ಎರಡು ದೇಶಗಳ ಪೌರತ್ವ ಒಪ್ಪುವುದಿಲ್ಲ, ಬ್ರಿಟಿಷ್ ಪ್ರಜೆಯಾದ ಮೇಲೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಬೇಕಿದ್ದರೆ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಬೇಡವೆನಿಸಿದರೆ ಐಎಲ್‌ಆರ್‌ನಲ್ಲೇ ಇರಬಹುದು.